ಗುರುವಿಲ್ಲದ ಇನ್ನೂರಿಪ್ಪತ್ತೊಂದು ವರ್ಷ

ಕ್ಯಾಥೊಲಿಕ್ ಧರ್ಮದಲ್ಲಿ ಗುರುವಿನ ಸ್ಥಾನವೇನೆಂಬುದನ್ನು ತಿಳಿಯಬೇಕಾದರೆ, ಗುರುವೇ ಇಲ್ಲದೆ ಬಾಳಿದ ಜನರ ಚರಿತ್ರೆಯನ್ನು ನೋಡಬೇಕೆಂದು ನನಗೆ ಅನೇಕ ಸಲ ಅನ್ನಿಸಿದೆ. ಅಂಥ ಜನ ಜಪಾನಿನ ನಾಗಸಾಕಿಯ ಸುತ್ತಮುತ್ತ ಇದ್ದರು.

1549ರಲ್ಲಿ ಫ್ರಾನ್ಸಿಸ್ ಝೇವಿಯರ್ ಕಾಗೋಷಿಮಾದಲ್ಲಿ ಬಂದಿಳಿದ ಮೇಲೆ ಆ ದೇಶದಲ್ಲಿ ಬೇರೂರಿದ ಈ ಮತವನ್ನು 1614ರಲ್ಲಿ ಟೋಕುಗಾವಾ ಪ್ರಭುತ್ವ ನಿಷೇಧಿಸಿತು. ಅದೇ ವರ್ಷ ಬಿಷಪ್ ಲೂಯಿಸ್ ಸೆರ್ಕೇರಾ ತೀರಿಕೊಂಡರು. ನಿಷೇಧದ ಮುಂದೆ ಒಬ್ಬ ಮುದುಕರ ಸಾವು ಸಣ್ಣದೆಂದು ತೋರಬಹುದು. ನನ್ನೆಣಿಕೆಯಲ್ಲಿ ಅದೂ ಅಷ್ಟೇ ದೊಡ್ಡ ಪೆಟ್ಟು. ಗುರುದೀಕ್ಷೆಯನ್ನು ಕೊಡಬಲ್ಲವರು ಬಿಷಪ್ಪರು ಮಾತ್ರ. ಅವರು ತಲೆಯ ಮೇಲೆ ಕೈಯಿರಿಸಬೇಕು. ಅವರ ತಲೆಯ ಮೇಲೆ ಅವರ ಹಿಂದಿನವರು ಇರಿಸಿರಬೇಕು. ಹೀಗೆ ಆ ಕೈಗಳ ಸರಪಳಿ ಯೇಸುವಿನ ಶಿಷ್ಯರನ್ನು ಮುಟ್ಟುತ್ತದೆಂದು ನಂಬಿಕೆ. ಊರವರು ಕೂಡಿ ಸಜ್ಜನನೊಬ್ಬನನ್ನು ಆರಿಸಿ ಗುರುವಾಗಿಸುವಂತಿಲ್ಲ.

ಇಷ್ಟು ಬಿಗಿ ಏತಕ್ಕೆ? ‘ಬಲಿಪೂಜೆ’, ‘ಪರಮಪ್ರಸಾದ’ ಎಂದು ಕನ್ನಡ ಕ್ಯಾಥೊಲಿಕರು ಬಳಸುವ ಮಾತುಗಳಲ್ಲೇ ಉತ್ತರವಿದೆ. ರೊಟ್ಟಿ ಮತ್ತು ದ್ರಾಕ್ಷಾರಸಗಳ ಬಣ್ಣ, ರುಚಿ ಹಾಗೆಯೇ ಉಳಿದು ಒಳಗಿನ ಸತ್ತ್ವ ಮಾತ್ರ ಕ್ರಿಸ್ತನ ದೇಹ, ರಕ್ತಗಳಾಗಿ ಮಾರ್ಪಡುತ್ತದೆಂದು ಟ್ರೆಂಟ್ ಧರ್ಮಸಭೆ 1551ರಲ್ಲಿ ಸಾರಿತು. ಪೂಜೆ ಬರಿಯ ಸ್ಮರಣೆಯಲ್ಲ, ಶಿಲುಬೆಯ ಬಲಿಯೇ ಎಂದು 1562ರಲ್ಲಿ ಹೇಳಿತು. ಅರ್ಪಣೆಯ ಮಾತುಗಳಲ್ಲಿ ಬರುವ ‘ನನ್ನ’ ಎಂಬ ಶಬ್ದ ಗುರುವಿನದಲ್ಲ. ಅಲ್ಲಿ ನುಡಿಯುವವನು ಕ್ರಿಸ್ತ. ಆದ್ದರಿಂದ ಗುರು ಪಾಪಿಯಾದರೂ ಪೂಜೆ ಕೆಡದು; ಭಕ್ತ ಸಂತನೇ ಆದರೂ ದೀಕ್ಷೆಯಿಲ್ಲದ ಅವನ ಕೈಯಲ್ಲಿ ಅದು ನಡೆಯದು. ವಚನಗಳನ್ನು ಕೇಳಿ ಬೆಳೆದ ಕಿವಿಗೆ ಈ ಮಾತು ಸುಲಭವಾಗಿ ಹಿಡಿಸುವುದಿಲ್ಲ. ನನಗೂ ಹಿಡಿಸಿರಲಿಲ್ಲ.

ಜಪಾನಿನಲ್ಲಿ ಉಳಿದಿದ್ದ ಕೊನೆಯ ಗುರು ಕೊನಿಷಿ ಮಾನ್ಸಿಯೊ 1644ರಲ್ಲಿ ಪ್ರಾಣ ತೆತ್ತರು. ಆ ಮೇಲೆ ಹಳ್ಳಿಗರು ಏನನ್ನು ಉಳಿಸಿಕೊಂಡರೆಂಬುದೇ ಸ್ವಾರಸ್ಯದ ವಿಷಯ. ಜ್ಞಾನಸ್ನಾನವನ್ನು ಅಗತ್ಯಬಿದ್ದಾಗ ಯಾರು ಬೇಕಾದರೂ ಕೊಡಬಹುದು. ಹುಟ್ಟಿದ ಕೂಸುಗಳಿಗೆ ನೀರೆರೆಯಲು ಹಳ್ಳಿಗಳಲ್ಲಿ ಗೊತ್ತಾದ ಗೃಹಸ್ಥರಿದ್ದರು. ಪಾಪನಿವೇದನೆಗೆ ಗುರುವಿಲ್ಲದಾಗ ಪೂರ್ಣ ಪಶ್ಚಾತ್ತಾಪದಿಂದ ಕ್ಷಮೆ ಪಡೆಯುವ ಬಗೆಯನ್ನು 1603ರ ಒಂದು ಕಿರುಹೊತ್ತಗೆ ಕಲಿಸಿತ್ತು. ಅದರ ಪ್ರಾರ್ಥನೆ ಬಾಯಿಂದ ಬಾಯಿಗೆ ಇಳಿದು ಬಂತು. ಪರಮಪ್ರಸಾದಕ್ಕೆ ಮಾತ್ರ ಇಂಥ ಅಡ್ಡದಾರಿ ಇರಲಿಲ್ಲ. ಏಳು ತಲೆಮಾರು ಕಳೆದ ಮೇಲೆ ದೊಡ್ಡ ಹಡಗಿನಲ್ಲಿ ಗುರುಗಳು ಬರುವರೆಂಬ ಭವಿಷ್ಯವಾಣಿಯನ್ನು ನೆಚ್ಚಿ ಅವರು ಕಾದರು.

1865ರ ಮಾರ್ಚ್ 17ರಂದು ನಾಗಸಾಕಿಯ ಓಉರಾ ಇಗರ್ಜಿಗೆ ಉರಾಕಾಮಿಯ ಕೆಲವರು ಬಂದರು. ಹೆಂಗಸೊಬ್ಬಳು ಫ್ರೆಂಚ್ ಪಾದ್ರಿ ಪೆಟಿಜಾನ್‌ರ ಬಳಿಸಾರಿ, ತಮ್ಮ ಹೃದಯವೂ ಅವರ ಹೃದಯವೂ ಒಂದೇ ಎಂದು ಪಿಸುಗುಟ್ಟಿ, ಮರಿಯಮ್ಮನ ಮೂರ್ತಿಯೆಲ್ಲಿ ಎಂದು ಕೇಳಿದಳು. ಅನಂತರದ ದಿನಗಳಲ್ಲಿ ಬಂದವರು ರೋಮಿನ ಗುರುವಿನ ವಿಷಯ ವಿಚಾರಿಸಿದರು, ಪಾದ್ರಿಗಳಿಗೆ ಹೆಂಡಿರು ಮಕ್ಕಳುಂಟೇ ಎಂದೂ ಕೇಳಿದರು. ಇಲ್ಲಿ ಪರೀಕ್ಷಕರು ಹಳ್ಳಿಗರು, ಪರೀಕ್ಷೆಗೆ ಕುಳಿತವರು ಪಾದ್ರಿ! ಬಂದ ಗುರು ಆ ಸರಪಳಿಯವನೇ ಹೌದೇ ಅಲ್ಲವೇ ಎಂಬುದು ಅವರಿಗೆ ತಿಳಿಯಬೇಕಾಗಿತ್ತು. ಈ ಧೈರ್ಯಕ್ಕಾಗಿ ಉರಾಕಾಮಿಯ ಮೂರು ಸಾವಿರಕ್ಕೂ ಹೆಚ್ಚು ಜನ ಗಡೀಪಾರಾದರು. ನಿಷೇಧದ ಫಲಕಗಳು ಕೆಳಗಿಳಿದದ್ದು 1873ರಲ್ಲಿ.

ಎಲ್ಲರೂ ಇಗರ್ಜಿಗೆ ಮರಳಲಿಲ್ಲ. ಹಿರಿಯರು ಕೈಗಿತ್ತದ್ದೇ ಸಾಕೆಂದು ಇಕಿತ್ಸುಕಿ ದ್ವೀಪದ ಕೆಲವು ಮನೆತನಗಳು ಹೊರಗುಳಿದವು. ಅವರ ವಿಧಿಗಳಲ್ಲಿ ಅಕ್ಕಿಯ ಮದ್ಯವನ್ನೂ ಹಸಿಮೀನಿನ ಹೋಳುಗಳನ್ನೂ ಅರ್ಪಿಸಿ, ಪ್ರಾರ್ಥನೆಯಾದ ಮೇಲೆ ಕೂಡಿ ಕುಳಿತವರೆಲ್ಲ ಹಂಚಿಕೊಂಡು ಸೇವಿಸುತ್ತಿದ್ದರು.