ಯಾವ ಸೊಳ್ಳೆ ಎಂಬ ಪ್ರಶ್ನೆಯ ಚರಿತ್ರೆ

ಮಲೇರಿಯಾದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಮದ್ದುಗಳ ಚರಿತ್ರೆಯಾಗಿ ಓದುತ್ತೇವೆ. ಮೊದಲು ಕ್ವಿನೈನ್ ಬಂತು, ಆಮೇಲೆ ಡಿ.ಡಿ.ಟಿ. ಬಂತು, ಈಗ ಹೊಸ ಮಾತ್ರೆಗಳೂ ಮದ್ದು ಸವರಿದ ಸೊಳ್ಳೆಪರದೆಗಳೂ ಬಂದಿವೆ. ಹೀಗೆ ಹೇಳುವಾಗ ಒಂದು ಕಸುಬು ಬಿಟ್ಟುಹೋಗುತ್ತದೆ. ನಸುಕಿನಲ್ಲಿ ಎದ್ದು ಮನೆಯ ಸೂರಿನ ಅಡಿಗೂ ದನದ ಕೊಟ್ಟಿಗೆಯ ಗೋಡೆಗೂ ಟಾರ್ಚು ಬಿಡುವುದು, ಕೂತ ಸೊಳ್ಳೆಯನ್ನು ಗಾಜಿನ ನಳಿಗೆಯೊಳಗೆ ಹೀರಿ ಹಿಡಿಯುವುದು, ಅದು ಯಾವ ಜಾತಿಯದು, ಎಷ್ಟು ಸಿಕ್ಕಿದವು, ಹೊಟ್ಟೆಯಲ್ಲಿರುವುದು ಮನುಷ್ಯನ ರಕ್ತವೋ ದನದ್ದೋ ಎಂದು ಬರೆದಿಡುವುದು ಆ ಕಸುಬು. ಮದ್ದು ಗೆದ್ದ ಕಡೆಗಳಲ್ಲೆಲ್ಲ ಅದರ ಹಿಂದೆ ಈ ನೋಡುವ ಕೆಲಸವಿತ್ತು. ಮದ್ದು ಸೋತ ಕಡೆಗಳಲ್ಲಿ ಬಹಳಷ್ಟು ಸಲ ಈ ಕೆಲಸ ಮೊದಲೇ ಸೊರಗಿತ್ತು. ಹಳೆಯ ಮೈಸೂರಿನ ಮತ್ತು ಕರ್ನಾಟಕದ ಅನುಭವ ಇದಕ್ಕೆ ಒಳ್ಳೆಯ ಸಾಕ್ಷಿ.

ಸೊಳ್ಳೆಯ ಪಾತ್ರ ಗೊತ್ತಾಗುವ ಮೊದಲೂ ಜ್ವರವನ್ನು ಅಳೆಯುವ ಪ್ರಯತ್ನಗಳಿದ್ದವು. 1840ರ ದಶಕದಲ್ಲಿ ಯಮುನಾ ಕಾಲುವೆಗಳ ಸೀಮೆಯಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯ ಹಳ್ಳಿ ಹಳ್ಳಿಯಲ್ಲಿ ಜನರ ಹೊಟ್ಟೆ ಮುಟ್ಟಿ ನೋಡಿ, ಎಷ್ಟು ಜನಕ್ಕೆ ಜ್ವರಗಡ್ಡೆ, ಅಂದರೆ ಊದಿದ ಗುಲ್ಮ, ಇದೆ ಎಂದು ಎಣಿಸಿದ್ದ. ರೋಗ ಎಲ್ಲಿದೆ ಎಂದು ಈ ಲೆಕ್ಕ ಹೇಳುತ್ತಿತ್ತು. ಏಕೆ ಅಲ್ಲಿಯೇ ಇದೆ ಎಂದು ಹೇಳುತ್ತಿರಲಿಲ್ಲ. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡ ಮೇಲೆ ಪ್ರಶ್ನೆಯೇ ಬದಲಾಯಿತು. ನಮ್ಮ ದೇಶದಲ್ಲಿ ಅನಾಫಿಲಿಸ್ ಸೊಳ್ಳೆಯ ಸುಮಾರು ಅರವತ್ತು ಜಾತಿಗಳಿದ್ದರೂ ರೋಗವನ್ನು ಮುಖ್ಯವಾಗಿ ಹೊತ್ತು ತರುವವು ಕೈಬೆರಳಲ್ಲಿ ಎಣಿಸುವಷ್ಟು. ಎಲ್ಲ ಸೊಳ್ಳೆಯ ಮೇಲೂ ಯುದ್ಧ ಹೂಡಲು ಯಾವ ಸರ್ಕಾರಕ್ಕೂ ಶಕ್ತಿಯಿಲ್ಲ. ಆದ್ದರಿಂದ ಈ ಊರಿನಲ್ಲಿ ರೋಗ ಹರಡುತ್ತಿರುವುದು ಯಾವ ಸೊಳ್ಳೆ ಎಂದು ತಿಳಿಯದೆ ಮುಂದಿನ ಹೆಜ್ಜೆ ಇಡುವಂತಿರಲಿಲ್ಲ.

ಮೈಸೂರು ಸಂಸ್ಥಾನ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡಿತು. 1930ರ ಆಸುಪಾಸಿನಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ನಾಗೇನಹಳ್ಳಿ, ಹಿರಿಯೂರು ಮತ್ತು ಮಲೆನಾಡಿನ ಮೂಡಿಗೆರೆಯಲ್ಲಿ ಮಲೇರಿಯಾ ಅಧ್ಯಯನ ಕೇಂದ್ರಗಳು ನಡೆದವು. ಡಬ್ಲ್ಯು. ಸಿ. ಸ್ವೀಟ್ ಮತ್ತು ಬಿ. ಎ. ರಾವ್ ಅವರ ಹೆಸರುಗಳು ಈ ಕೆಲಸದೊಂದಿಗೆ ಸೇರಿಕೊಂಡಿವೆ. ಬಯಲುಸೀಮೆ ಮತ್ತು ಮಲೆನಾಡಿನ ಜ್ವರ ಒಂದೇ ಆದರೂ ಅದನ್ನು ತರುವ ಸೊಳ್ಳೆ ಬೇರೆ. ಬಯಲಿನಲ್ಲಿ ಕಾಲುವೆ, ಬಸಿನೀರಿನ ಗುಂಡಿಗಳಲ್ಲಿ ಹುಟ್ಟುವ ಕ್ಯೂಲಿಸಿಫೇಸಿಸ್ ಎಂಬ ಅನಾಫಿಲಿಸ್ ಜಾತಿ ಹೆಚ್ಚಾಗಿ ದನದ ರಕ್ತವನ್ನೇ ಬಯಸುತ್ತದೆ. ಅದು ಬಹಳ ಸಂಖ್ಯೆಯಲ್ಲಿ ಬೆಳೆದಾಗಲೇ ಊರಿಗೆ ಜ್ವರ ಬರುತ್ತದೆ. ಮಲೆನಾಡಿನ ತೊರೆಗಳ ಹುಲ್ಲಂಚಿನಲ್ಲಿ ಹುಟ್ಟುವ ಫ್ಲೂವಿಯಾಟಿಲಿಸ್ ಮನುಷ್ಯನನ್ನೇ ಹುಡುಕಿ ಕಚ್ಚುವುದರಿಂದ ಸ್ವಲ್ಪವೇ ಇದ್ದರೂ ಊರನ್ನು ಹಾಸಿಗೆ ಹಿಡಿಸಬಲ್ಲದು. ಬರೀ ಸೊಳ್ಳೆಯ ಸಂಖ್ಯೆಯನ್ನು ನೋಡಿದ ಅಧಿಕಾರಿಗೆ ಮಲೆನಾಡು ಸುರಕ್ಷಿತವಾಗಿ ಕಂಡಿರುತ್ತಿತ್ತು. ಜೊಲ್ಲುಗ್ರಂಥಿಯನ್ನು ಬಿಡಿಸಿ ಸೂಕ್ಷ್ಮದರ್ಶಕದಡಿ ಪರಾವಲಂಬಿಯನ್ನು ಹುಡುಕಿದವನಿಗೆ ಮಾತ್ರ ಅಪಾಯ ಎಲ್ಲಿದೆ ಎಂದು ಗೊತ್ತಾಗುತ್ತಿತ್ತು.

ಈ ಸೂಕ್ಷ್ಮ ನೋಟದ ಅತ್ಯುತ್ತಮ ಫಲ ಸ್ಟೀಫೆನ್ಸಿ ಸೊಳ್ಳೆಯ ಅಧ್ಯಯನ. 1937ರಲ್ಲಿ ಸ್ವೀಟ್ ಮತ್ತು ರಾವ್ ಈ ಸೊಳ್ಳೆಯಲ್ಲಿ ಎರಡು ಬಗೆಗಳಿವೆ ಎಂದು ತೋರಿಸಿದರು. ನೋಡಲು ಎರಡೂ ಒಂದೇ. ಮೊಟ್ಟೆ ನೀರಿನ ಮೇಲೆ ತೇಲಲು ಅದರ ಎರಡು ಪಕ್ಕದಲ್ಲಿರುವ ಗಾಳಿಚೀಲಗಳ ಮೇಲಿನ ಗೆರೆಗಳನ್ನು ಎಣಿಸಿದಾಗ ವ್ಯತ್ಯಾಸ ಕಂಡಿತು. ಕಡಿಮೆ ಗೆರೆಯದಕ್ಕೆ ಮೈಸೂರಿನ ನೆನಪಿನಲ್ಲಿ ಮೈಸೊರೆನ್ಸಿಸ್ ಎಂಬ ಹೆಸರಾಯಿತು. ಹೆಚ್ಚು ಗೆರೆಯ ಮೂಲ ಬಗೆ ಪಟ್ಟಣದ ಬಾವಿ, ತೊಟ್ಟಿಗಳಲ್ಲಿ ಬೆಳೆದು ಮಲೇರಿಯಾವನ್ನು ಸಮರ್ಥವಾಗಿ ಹರಡುತ್ತದೆ. ಹಳ್ಳಿಗಾಡಿನ ಮೈಸೊರೆನ್ಸಿಸ್ ಅಷ್ಟು ಹರಡುವುದಿಲ್ಲ. ಗೆರೆ ಎಣಿಸುವ ಈ ಕೆಲಸ ಆಗ ಯಾರಿಗಾದರೂ ಪಂಡಿತರ ಹವ್ಯಾಸದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಅದರ ಬೆಲೆ ತಿಳಿದದ್ದು ದಶಕಗಳ ನಂತರ.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ಇಷ್ಟೆಲ್ಲ ತಿಳಿಯುವ ಗೊಡವೆಯಿಲ್ಲದೆಯೇ ಡಿ.ಡಿ.ಟಿ. ಲಕ್ಷಾಂತರ ಜೀವ ಉಳಿಸಲಿಲ್ಲವೇ? ಉಳಿಸಿತು, ಇದನ್ನು ಮುಚ್ಚಿಡಬಾರದು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಮನೆಗಳಲ್ಲಿ 1946ರ ಸುಮಾರಿಗೆ ಡಿ. ಕೆ. ವಿಶ್ವನಾಥನ್ ನಡೆಸಿದ ಸಿಂಪಡಣೆ ಇಡೀ ದೇಶಕ್ಕೆ ದಾರಿ ತೋರಿತು. ಸ್ವಾತಂತ್ರ್ಯದ ಹೊತ್ತಿಗೆ ಭಾರತದಲ್ಲಿ ವರ್ಷಕ್ಕೆ 7.5 ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂಬ ಅಂದಾಜಿದೆ. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ, 1960ರ ದಶಕದ ಆರಂಭಕ್ಕೆ ದಾಖಲಾದ ಪ್ರಕರಣಗಳು ಸುಮಾರು 50 ಸಾವಿರಕ್ಕೆ ಇಳಿದವು. ಆದರೆ ಗೋಡೆಗೆ ಮದ್ದು ಹೊಡೆಯುವ ಉಪಾಯ ಫಲಿಸಿದ್ದಕ್ಕೂ ಕಾರಣವಿತ್ತು: ಕ್ಯೂಲಿಸಿಫೇಸಿಸ್ ರಕ್ತ ಕುಡಿದ ಮೇಲೆ ಮನೆ, ಕೊಟ್ಟಿಗೆಗಳ ಗೋಡೆಯ ಮೇಲೆಯೇ ಕೂತು ವಿಶ್ರಮಿಸುತ್ತದೆ. ಅದನ್ನು ತಿಳಿಸಿದ್ದು ಹಿಂದಿನ ದಶಕಗಳಲ್ಲಿ ಟಾರ್ಚು ಹಿಡಿದು ಕೊಟ್ಟಿಗೆ ಸುತ್ತಿದ ಜನ.

ಈ ಗೆಲುವೇ ನೋಡುವ ಕೆಲಸವನ್ನು ಅನಗತ್ಯವೆಂದು ಕಾಣಿಸಿತು. 1958ರ ನಿರ್ಮೂಲನ ಕಾರ್ಯಕ್ರಮದಲ್ಲಿ ಸಿಂಪಡಣೆ ಮತ್ತು ರಕ್ತಪರೀಕ್ಷೆಗೆ ಮೊದಲ ಸ್ಥಾನ ಸಿಕ್ಕಿತು. ಕೀಟಶಾಸ್ತ್ರ ಹಿಂದೆ ಸರಿಯಿತು. ಅಷ್ಟರಲ್ಲಿ ಕ್ಯೂಲಿಸಿಫೇಸಿಸ್ ಡಿ.ಡಿ.ಟಿ.ಗೆ ಬಗ್ಗದ ಶಕ್ತಿ ಪಡೆಯುತ್ತಿತ್ತು. ಹಳ್ಳಿಗಳ ಮೇಲೆಯೇ ಗಮನವಿದ್ದುದರಿಂದ ಪಟ್ಟಣಗಳ ಸ್ಟೀಫೆನ್ಸಿ ಯಾರ ಲೆಕ್ಕಕ್ಕೂ ಸಿಗಲಿಲ್ಲ. ನಗರ ಮಲೇರಿಯಾ ಯೋಜನೆ ಬಂದದ್ದು 1971ರಲ್ಲಿ. 1976ರಲ್ಲಿ ದೇಶದಲ್ಲಿ 64 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಹಣದ ಕೊರತೆ, ಮದ್ದಿನ ಪೂರೈಕೆಯ ತೊಡಕು, ಆಡಳಿತದ ಸಡಿಲಿಕೆ ಎಲ್ಲವೂ ಈ ಮರುಕಳಿಕೆಗೆ ಕಾರಣ. ಎಲ್ಲವನ್ನೂ ಕೀಟಶಾಸ್ತ್ರದ ಅವಗಣನೆಯ ಮೇಲೆ ಹೊರಿಸುವುದು ತಪ್ಪು. ಆದರೆ ಮದ್ದಿಗೆ ಸೊಳ್ಳೆ ಸಾಯುತ್ತಿಲ್ಲ ಎಂಬುದನ್ನು ರೋಗಿಗಳ ಸಂಖ್ಯೆಯಿಂದ ಕಲಿತರೆ, ಕಲಿಯುವ ಹೊತ್ತಿಗೆ ಜನ ಮಲಗಿರುತ್ತಾರೆ. ಮದ್ದು ಲೇಪಿಸಿದ ಕಾಗದದ ಸಂಪರ್ಕದಲ್ಲಿ ಸೊಳ್ಳೆಗಳನ್ನು ಒಂದು ಗಂಟೆ ಇಟ್ಟು, ಮರುದಿನ ಎಷ್ಟು ಸತ್ತವು ಎಂದು ಎಣಿಸುವ ಪರೀಕ್ಷೆ ಅದನ್ನು ಮೊದಲೇ ಹೇಳುತ್ತದೆ.

ರಕ್ತಪರೀಕ್ಷೆ ಚೆನ್ನಾಗಿ ನಡೆದರೆ ಸಾಲದೇ, ಸೊಳ್ಳೆ ಎಣಿಸುವುದರಿಂದ ಯಾರ ಜ್ವರ ಇಳಿಯುತ್ತದೆ ಎಂದು ಕೇಳುವವರಿದ್ದಾರೆ. ರಕ್ತಪರೀಕ್ಷೆ ಬೇಕೇಬೇಕು, ಆದರೆ ಅದು ಕಚ್ಚಿದ ಮೇಲಿನ ಸುದ್ದಿ. ಕಟ್ಟಡ ಕೆಲಸ ಭರದಿಂದ ಸಾಗಿದ ಮಂಗಳೂರಿನಲ್ಲಿ 1990ರ ದಶಕದಿಂದ ಮಲೇರಿಯಾ ನೆಲೆಯೂರಿದಾಗ, ಮನೆ ಮನೆಯಲ್ಲಿ ಮಾತ್ರೆ ಹಂಚಿದರಷ್ಟೇ ಸಾಲುತ್ತಿರಲಿಲ್ಲ. ಕಾಂಕ್ರೀಟ್ ಹದವಾಗಲೆಂದು ತಾರಸಿಯಲ್ಲಿ ಕಟ್ಟಿ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ತೊಟ್ಟಿ, ಹಳೆಯ ಬಾವಿ ಇವುಗಳಲ್ಲಿ ಸ್ಟೀಫೆನ್ಸಿಯ ಮರಿ ಹುಡುಕಬೇಕಿತ್ತು. ಅದೇ ಸೊಳ್ಳೆ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಮೊದಲ ಬಾರಿ ಕಂಡಿತು. ಆ ವರ್ಷ ಅಲ್ಲಿ ದಾಖಲಾದ ಮಲೇರಿಯಾ ಪ್ರಕರಣಗಳು ಕೇವಲ 27. 2020ರಲ್ಲಿ 73 ಸಾವಿರಕ್ಕೂ ಹೆಚ್ಚು. ಬಂದಿರುವುದು ಸ್ಟೀಫೆನ್ಸಿಯ ಯಾವ ಬಗೆ ಎಂದು ಇಂದು ಅಲ್ಲಿನ ಸಂಶೋಧಕರು ಕೇಳುವಾಗ, ಮೈಸೂರಿನಲ್ಲಿ ಗೆರೆ ಎಣಿಸಿದವರ ಪ್ರಶ್ನೆಯನ್ನೇ ಮುಂದುವರಿಸುತ್ತಿದ್ದಾರೆ.

ಖರ್ಚಿನ ಮಾತೂ ಇದೆ. ರೋಗವಿಲ್ಲದ ವರ್ಷ ಸೊಳ್ಳೆ ಹಿಡಿಯುವವರಿಗೆ ಸಂಬಳ ಕೊಡುವುದು ಲೆಕ್ಕಪತ್ರದಲ್ಲಿ ದಂಡವಾಗಿ ಕಾಣಬಹುದು. ಆದರೆ ಈ ಕೆಲಸಕ್ಕೆ ಬೆಲೆ ಬರುವುದೇ ಅಂಥ ವರ್ಷಗಳ ದಾಖಲೆಯಿಂದ: ಹೋದ ವರ್ಷ ಎಷ್ಟಿದ್ದವು ಎಂದು ಗೊತ್ತಿಲ್ಲದಿದ್ದರೆ ಈ ವರ್ಷ ಏರಿದೆ ಎಂದು ಹೇಳುವುದು ಹೇಗೆ? ಇಂದು ಡೆಂಗಿ, ಚಿಕೂನ್‌ಗುನ್ಯ ತರುವ ಈಡಿಸ್ ಸೊಳ್ಳೆಯ ಮುಂದೆಯೂ ನಾವು ಇದೇ ಕವಲಿನಲ್ಲಿದ್ದೇವೆ. ಜ್ವರ ಏರಿದ ಮೇಲೆ ಬೀದಿಯಲ್ಲಿ ಹೊಗೆ ಬಿಡುವುದು ಕಣ್ಣಿಗೆ ಕಾಣುವ ಕೆಲಸ. ಮಳೆಗೆ ಮೊದಲೇ ಮನೆ ಮನೆಯ ಡ್ರಮ್ಮು, ಟೈರು, ತೊಟ್ಟಿ ನೋಡಿ ಬರೆದಿಡುವುದು ಕಾಣದ ಕೆಲಸ. ಒಂದು ಶತಮಾನದ ಸಾಕ್ಷಿ ಎರಡನೆಯದರ ಕಡೆಗಿದೆ. ಪ್ರತಿ ಜಿಲ್ಲೆಯಲ್ಲೂ ಪ್ರತಿ ನಗರಪಾಲಿಕೆಯಲ್ಲೂ ಕೀಟಶಾಸ್ತ್ರಜ್ಞರಿಗೆ, ಕೀಟ ಸಂಗ್ರಾಹಕರಿಗೆ ಕಾಯಂ ಹುದ್ದೆ, ತರಬೇತಿ, ಗೌರವ ಇರಬೇಕು. ರೋಗ ಇಳಿದ ವರ್ಷ ಆ ಹುದ್ದೆಗಳನ್ನು ಖಾಲಿ ಬಿಡುವ ಸರ್ಕಾರ 1960ರ ದಶಕದ ತಪ್ಪನ್ನೇ ಮತ್ತೆ ಮಾಡುತ್ತದೆ, ಮತ್ತು ಅದರ ಬೆಲೆಯನ್ನು ತೆರುವವರು ತೊಟ್ಟಿಗೆ ಮುಚ್ಚಳ ಹಾಕಿಸಲೂ ಆಗದ ಬಡವರು.