ಸೋತವರ ಬಂದೂಕು, ಗೆದ್ದವರ ಹೆಗಲು



ಯುದ್ಧ ಮುಗಿದರೆ ಸೈನಿಕ ಮನೆಗೆ ಹೋಗುತ್ತಾನೆ. ಅವನ ಬಂದೂಕು ಎಲ್ಲಿಗೆ ಹೋಗುತ್ತದೆ? 1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾದಾಗ ಯುರೋಪಿನ ತುಂಬ ಅದರ ಆಯುಧಗಳು ರಾಶಿ ಬಿದ್ದಿದ್ದವು. ಎಲ್ಲವನ್ನೂ ಕರಗಿಸಿ ನೇಗಿಲು ಮಾಡಿದರು ಎಂದುಕೊಂಡರೆ ತಪ್ಪಾದೀತು. ಬರಿಗೈಯಲ್ಲಿದ್ದ ಎಷ್ಟೋ ದೇಶಗಳಿಗೆ ಅದು ಪುಕ್ಕಟೆ ಸಿಕ್ಕ ಸಂಪತ್ತು.

ಅವುಗಳಲ್ಲಿ ಹೆಚ್ಚು ಹೆಸರಾದದ್ದು 1942ರಲ್ಲಿ ಬಂದ ಎಂಜಿ-42 ಮೆಷಿನ್ ಗನ್. ನಿಮಿಷಕ್ಕೆ ಸುಮಾರು 1,200 ಗುಂಡು ಉಗುಳುವ ವೇಗ. ಬಟ್ಟೆ ಹರಿದಂಥ ಸದ್ದು. ಬಹುಭಾಗ ತಗಡನ್ನು ಅಚ್ಚೊತ್ತಿ ಮಾಡಿದ್ದರಿಂದ ಖರ್ಚು ಕಡಿಮೆ. ಕಾದ ನಳಿಕೆಯನ್ನು ಕೆಲವೇ ಸೆಕೆಂಡಿನಲ್ಲಿ ಕಳಚಿ ಬೇರೊಂದನ್ನು ಹಾಕಬಹುದಿತ್ತು.

ಆದರೆ ಶತ್ರುವಿನ ಬಂದೂಕು ಸಿಕ್ಕರಾಯಿತೇ? ಅದಕ್ಕೆ ಶತ್ರುವಿನದೇ ಅಳತೆಯ ಗುಂಡು ಬೇಕು. ಯುದ್ಧ ನಡೆಯುತ್ತಿದ್ದಾಗಲೇ ಅಮೆರಿಕ ಇದನ್ನು ತನ್ನ ಗುಂಡಿಗೆ ಹೊಂದಿಸಲು ಹೊರಟಿತು. ಜರ್ಮನ್ ಕಾಡತೂಸಿನ ಕೋಶದ ಉದ್ದ 57 ಮಿಲಿಮೀಟರ್; ಅಮೆರಿಕದ್ದು 63. ಆ 6 ಮಿಲಿಮೀಟರಿಗೆ ತಕ್ಕ ಜಾಗವನ್ನು ವಿನ್ಯಾಸಕಾರರು ಬಿಡಲಿಲ್ಲ. ಖಾಲಿ ಕೋಶಗಳು ಸರಿಯಾಗಿ ಹೊರಬೀಳದೆ ಬಂದೂಕು ಮತ್ತೆ ಮತ್ತೆ ಸಿಕ್ಕಿಕೊಂಡಿತು. ಯೋಜನೆ ಅಲ್ಲಿಗೇ ನಿಂತಿತು.

ಯುಗೊಸ್ಲಾವಿಯ ಬೇರೆ ದಾರಿ ಹಿಡಿಯಿತು. ಟಿಟೊನ ಗೆರಿಲ್ಲಾ ಪಡೆಗಳು ಜರ್ಮನರಿಂದ ಕಿತ್ತುಕೊಂಡ ಆಯುಧಗಳಿದ್ದವು. ಗುಂಡಿನ ಅಳತೆ ಬದಲಿಸದೆ ಅದೇ ಬಂದೂಕನ್ನು ಎಂ-53 ಎಂಬ ಹೆಸರಿನಲ್ಲಿ ತಾವೇ ತಯಾರಿಸಿದರು. ಜನ ಅದನ್ನು 'ಶಾರಾತ್ಸ್' ಎಂದರು. ಸರ್ಬಿಯಾದ ಜನಪದ ವೀರ ಮಾರ್ಕೊನ ಕುದುರೆಯ ಹೆಸರೂ ಅದೇ. 1991ರಲ್ಲಿ ದೇಶ ಒಡೆದಾಗ ಒಟ್ಟಾಗಿ ನಾಜಿಗಳ ವಿರುದ್ಧ ಕಾದಿದ್ದವರ ಮಕ್ಕಳು, ಮೊಮ್ಮಕ್ಕಳು ಅದೇ ಬಂದೂಕನ್ನು ಒಬ್ಬರಿಗೊಬ್ಬರು ತಿರುಗಿಸಿ ಹಿಡಿದರು.

ಇದಕ್ಕಿಂತ ವಿಚಿತ್ರವಾದದ್ದು ಇಸ್ರೇಲಿನ ಕಥೆ. ನಾಜಿ ಆಕ್ರಮಣದ ಕಾಲದಲ್ಲಿ ಜೆಕೊಸ್ಲೊವಾಕಿಯದ ಬ್ರನೋ ಕಾರ್ಖಾನೆ ಜರ್ಮನ್ ಸೈನ್ಯಕ್ಕೆ ಬಂದೂಕು ಮಾಡಿಕೊಡುತ್ತಿತ್ತು. 1948ರ ಮಾರ್ಚ್ 31ರ ರಾತ್ರಿ ಆ ದೇಶದಿಂದ ಹೊರಟ ವಿಮಾನವೊಂದು ಪ್ಯಾಲೆಸ್ತೀನಿನ ಬೇತ್ ದರಾಸ್‌ನಲ್ಲಿ ಗುಟ್ಟಾಗಿ ಇಳಿಯಿತು. ಅದರಲ್ಲಿದ್ದದ್ದು 200 ರೈಫಲ್, 40 ಎಂಜಿ-34 ಮೆಷಿನ್ ಗನ್. ಹಿಟ್ಲರ್ ಯಾರನ್ನು ನಿರ್ನಾಮ ಮಾಡಲು ಹೊರಟಿದ್ದನೋ ಆ ಯಹೂದಿಗಳ ಕೈಗೇ ಅವನ ಸೈನ್ಯದ ಮಾದರಿಯ ಬಂದೂಕು ಬಂತು. ಅದರಿಂದ ಅವರು ತಮ್ಮ ದೇಶ ಕಟ್ಟಿಕೊಂಡರು. ಅದೇ ಯುದ್ಧದಲ್ಲಿ ಲಕ್ಷಾಂತರ ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡರು. ಮುಂದೆ ಆ ಜರ್ಮನ್ ಮಾದರಿಯ ರೈಫಲ್‌ಗಳನ್ನು ಇಸ್ರೇಲ್ 7.62 ಮಿಲಿಮೀಟರ್ ಗುಂಡಿಗೆ ಮಾರ್ಪಡಿಸಿಕೊಂಡಿತು.

ಕೊನೆಗೆ ಬಂದೂಕು ತವರಿಗೂ ಮರಳಿತು. 1955ರಲ್ಲಿ ಪಶ್ಚಿಮ ಜರ್ಮನಿ ಹೊಸ ಸೈನ್ಯ ಕಟ್ಟಿತು. ನ್ಯಾಟೊ ಒಪ್ಪಿದ ಗುಂಡಿನ ಕೋಶದ ಉದ್ದ 51 ಮಿಲಿಮೀಟರ್, ಅಂದರೆ ಹಳೆಯದಕ್ಕಿಂತ ಗಿಡ್ಡ. ಅಮೆರಿಕನ್ನರಿಗೆ ಸಾಲದೆ ಹೋದ ಜಾಗ ಇಲ್ಲಿ ಅಡ್ಡಿಯಾಗಲಿಲ್ಲ. ನಳಿಕೆ ಹೇಗೂ ಬದಲಿಸಲು ಬರುವಂಥದ್ದೇ. ಹಳೆಯ ಎಂಜಿ-42ಗಳನ್ನು ಹೀಗೆ ತಿದ್ದಿ ಎಂಜಿ-2 ಎಂದು ಕರೆದರು. 1968ರಲ್ಲಿ ಎಂಜಿ-3 ಬಂತು. ಅದರ ಪರವಾನಗಿ ಪಡೆದ ದೇಶಗಳಲ್ಲಿ ನಮ್ಮ ನೆರೆಯ ಪಾಕಿಸ್ತಾನವೂ ಒಂದು. ಅಲ್ಲಿನ ವಾಹ್ ನಗರದ ಸರ್ಕಾರಿ ಕಾರ್ಖಾನೆಯಲ್ಲಿ ಅದು ತಯಾರಾಯಿತು. ಬರ್ಲಿನ್ನಿಗಾಗಿ ಹುಟ್ಟಿದ ವಿನ್ಯಾಸ ನಮ್ಮ ಗಡಿಯ ಆಚೆ ಬದಿಗೇ ಬಂದು ನಿಂತಿತು.

ಇನ್ನೊಂದು ಜರ್ಮನ್ ಆಯುಧ ಎಸ್‌ಟಿಜಿ-44. ಇಂದಿನ ಅಸಾಲ್ಟ್ ರೈಫಲ್‌ಗಳ ಹಿರಿಯಣ್ಣ. ಯುದ್ಧಾನಂತರ ಪೂರ್ವ ಜರ್ಮನಿಯ ಪೊಲೀಸರೂ ಯುಗೊಸ್ಲಾವಿಯದ ಸೈನಿಕರೂ ಇದನ್ನು ಹಿಡಿದರು. 2012ರಲ್ಲಿ ಸಿರಿಯಾದ ಅಂತರ್ಯುದ್ಧದ ವೇಳೆ ಬಂಡುಕೋರರಿಗೆ ದಾಸ್ತಾನೊಂದರಲ್ಲಿ ಇದೇ ರೈಫಲ್‌ಗಳು ರಾಶಿರಾಶಿಯಾಗಿ ಸಿಕ್ಕವು. ತಯಾರಾಗಿ ಹತ್ತಿರ ಹತ್ತಿರ 70 ವರ್ಷ. ಆದರೂ ಕೆಲಸಕ್ಕೆ ಬಂದವು.

ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದ ದಿನಾಂಕವನ್ನು ಪಠ್ಯಪುಸ್ತಕ ಹೇಳುತ್ತದೆ. ಬಂದೂಕಿಗೆ ಆ ದಿನಾಂಕ ಗೊತ್ತಿರುವುದಿಲ್ಲ. ಎಣ್ಣೆ ಹಚ್ಚಿ, ನಳಿಕೆ ಬದಲಿಸಿ ಕೊಟ್ಟರೆ ಮುಂದಿನವನ ಕೈಯಲ್ಲೂ ಅಷ್ಟೇ ನಿಷ್ಠೆಯಿಂದ ಸಿಡಿಯುತ್ತದೆ. ಯುದ್ಧ ಎಂದು ಮುಗಿಯಿತು ಎಂದು ಕೇಳುವಾಗ, ಅದರ ಆಯುಧಗಳು ಆಮೇಲೆ ಎಲ್ಲಿ ಹೋದವು ಎಂದೂ ಕೇಳೋಣ.