ಮನೋಹರ ಆಯಿಚ್: ಸೆರೆಮನೆಯೇ ಗರಡಿಮನೆಯಾದ ಬಗೆ

ದೇಹಬಲವು ಉಳ್ಳವರ ಸೊತ್ತು, ಹಾಲು ತುಪ್ಪಗಳಿಲ್ಲದ ಮನೆಯ ಹುಡುಗನಿಗೆ ಅದು ಎಟುಕದು ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ವಂಗದೇಶದ ಅಂಗಸಾಧಕ ಮನೋಹರ ಆಯಿಚ್ ಅವರ ಚರಿತ್ರೆಯು ಈ ಭ್ರಮೆಯನ್ನು ನೀಗತಕ್ಕುದಾಗಿದೆ.

ಕೊಮಿಲ್ಲಾ ಜಿಲ್ಲೆಯ ಧಾಮತಿ ಗ್ರಾಮದಲ್ಲಿ 1912ರಲ್ಲಿ ಜನಿಸಿದ ಇವರು ಬಾಲ್ಯದಲ್ಲಿ ಕಾಳಾಜ್ವರದಿಂದ ಜರ್ಜರಿತರಾಗಿ, ವ್ಯಾಯಾಮದಿಂದ ಚೇತರಿಸಿಕೊಂಡರು. ಎತ್ತರವೋ ಐದಡಿಗೆ ಒಂದಂಗುಲ ಕಡಮೆ. 1942ರಲ್ಲಿ ಬ್ರಿಟಿಷರ ವಾಯುಪಡೆಯನ್ನು ಸೇರಿದರು. ಅಲ್ಲಿ ಭಾರತೀಯರನ್ನು ಹೀಗಳೆದ ಅಧಿಕಾರಿಯೊಬ್ಬನ ಕೆನ್ನೆಗೆ ಹೊಡೆದುದರಿಂದ ಸೆರೆವಾಸವು ಪ್ರಾಪ್ತವಾಯಿತು. ಉಪಕರಣವೊಂದೂ ಇಲ್ಲದ ಆ ಬಂಧನದಲ್ಲಿ ಸ್ವಂತ ದೇಹದ ಭಾರವನ್ನೇ ಸಾಧನವಾಗಿಸಿ, ದಿನದ ಬಹುಭಾಗವನ್ನು ಬಸ್ಕಿ, ದಂಡೆಗಳಂತಹ ಸಾಧನೆಯಲ್ಲಿ ಕಳೆದರು.

ಬಿಡುಗಡೆಯಾದ ಮೇಲೆ ಎದುರಾದುದು ಬಡತನ. ಕಲ್ಕತ್ತೆಯ ಸಿಯಾಲ್ದಾ ನಿಲ್ದಾಣದಲ್ಲಿ ಎಳನೀರು ಮಾರಿ ಸಂಸಾರವನ್ನು ಸಾಗಿಸಿದರು. ಅಭ್ಯಾಸವನ್ನು ಮಾತ್ರ ಬಿಡಲಿಲ್ಲ. 1951ರಲ್ಲಿ ಲಂಡನ್ನಿನ ವಿಶ್ವಶ್ರೀ ಸ್ಪರ್ಧೆಯಲ್ಲಿ ದ್ವಿತೀಯ ಸ್ಥಾನ ದೊರೆಯಿತು. ಊರಿಗೆ ಮರಳದೆ ಅಲ್ಲಿಯೇ ರೈಲ್ವೆಯಲ್ಲಿ ದುಡಿಯುತ್ತ ಸಾಧನೆಯನ್ನು ಮುಂದುವರಿಸಿ, 1952ರಲ್ಲಿ ಕುಳ್ಳರ ವಿಭಾಗದ ಪ್ರಶಸ್ತಿಯನ್ನು ಗೆದ್ದರು. ಜನರು ಇವರನ್ನು ‘ಪಾಕೆಟ್ ಹರ್ಕ್ಯುಲೀಸ್’ ಎಂದು ಕೊಂಡಾಡಿದರು.

ಇವರ ಸೂತ್ರವು ಸರಳ: ಅನ್ನ, ಬೇಳೆ, ಮೀನು, ತರಕಾರಿ, ಹಣ್ಣು, ಹಾಲು; ಮದ್ಯಕ್ಕೂ ಹೊಗೆಸೊಪ್ಪಿಗೂ ನಿಷೇಧ; ತಪ್ಪದ ಅಭ್ಯಾಸ; ಚಿಂತೆಗೆ ಎಡೆಗೊಡದ ಮನಸ್ಸು. ತೊಂಬತ್ತರ ಹರೆಯದಲ್ಲಿಯೂ ತರುಣರಿಗೆ ಅಂಗಸಾಧನೆಯ ಪಾಠ ಹೇಳಿದ ಈ ಹಿರಿಯರು 2016ರ ಜೂನ್ 5ರಂದು, 104ನೆಯ ವಯಸ್ಸಿನಲ್ಲಿ ದಿವಂಗತರಾದರು.

ಗಡಿನಾಡಿನ ನಮ್ಮ ಮಕ್ಕಳೇ, ಗರಡಿಯಿಲ್ಲವೆಂದು ಕೊರಗಬೇಡಿರಿ. ಸೆರೆಮನೆಯ ನೆಲವೇ ಅವರಿಗೆ ಸಾಕಾಗಿದ್ದಿತು; ನಿಮಗೆ ಮನೆಯ ಅಂಗಳವಿದೆ.